ಕೆಂಪು ಬಣ್ಣದ ಡಬ್ಬಿ ಮನೆಯಲ್ಲೇ ಬಿಟ್ಟು ಹೋದೆ

ಮರ ಬೆಳೆಸುವವರಿಗೆ ಅವರ ತೋಪಿನಲ್ಲೇ ನಿಂತು ಸಲಹೆ ಕೊಡುವುದು ನನ್ನ ಕೆಲಸ. ತೇಗ, ಓಕ್, ಮಹಾಗನಿ, ಯಾವ ಗಟ್ಟಿಮರವಾದರೂ ಸರಿ. ಆಗಾಗ ಕ್ಷೇತ್ರೋತ್ಸವ ಅಂತ ಮಾಲೀಕರನ್ನೆಲ್ಲ ಒಬ್ಬರ ತೋಪಿಗೆ ಸೇರಿಸಿ ದಿನವಿಡೀ ಸುತ್ತಾಡಿಸುತ್ತೇವೆ. ಮೊದಲ ಸಲ ನಾನು ಮಾಡಿದ ಎಡವಟ್ಟು ಇನ್ನೂ ನೆನಪಿದೆ.

ಹಿಂದಿನ ದಿನವೇ ಹೋಗಿ, ಉಳಿದವು ದಪ್ಪ ಆಗಲೆಂದು ಕಡಿಯಬೇಕಾದ ಮರಗಳಿಗೆಲ್ಲ ಕೆಂಪು ಬಣ್ಣ ಬಳಿದು ಬಂದಿದ್ದೆ. ಬೆಳಿಗ್ಗೆ ಜನ ಬಂದು ನೋಡಿದರು. ಎಲ್ಲರ ಮುಖ ಸಣ್ಣದಾಯಿತು. ತೋಪಿನ ಯಜಮಾನರು ಒಂದು ಮರದ ಮೇಲೆ ಕೈಯಿಟ್ಟು "ಇದಕ್ಕೆ ನಾನೇ ನೀರು ಹೊತ್ತು ಹಾಕಿದ್ದೆ ಸರ್" ಅಂದರು. ಅಷ್ಟೇ. ಆಮೇಲೆ ನಾನು ಬೆಳಕು, ಬೇರು, ಅಂತರ ಅಂತ ಏನು ಹೇಳಿದರೂ ಯಾರ ಕಿವಿಗೂ ಹೋಗಲಿಲ್ಲ, ಒಂದು ಮರವೂ ಕೆಳಗೆ ಬೀಳಲಿಲ್ಲ.

ಮುಂದಿನ ಸಲ ಬಣ್ಣದ ಡಬ್ಬಿ ಮನೆಯಲ್ಲೇ ಇತ್ತು. ಕೈಯಲ್ಲಿದ್ದದ್ದು ಒಂದು ಸುರುಳಿ ರಿಬ್ಬನ್, ಜೊತೆಗೆ ಒತ್ತೊತ್ತಾಗಿ ಬೆಳೆದ ತೇಗದ ಕಾಂಡದಿಂದ ಅಡ್ಡಲಾಗಿ ಕುಯ್ದ ಒಂದು ದುಂಡು ಬಿಲ್ಲೆ. ಬಿಲ್ಲೆಯ ಮೇಲೆ ನೀರು ಸವರಿದೆ, ವರ್ಷಕ್ಕೊಂದರಂತೆ ಮೂಡಿದ ಉಂಗುರಗಳು ಎದ್ದು ಕಂಡವು. ನಡುವಿನ ಏಳೆಂಟು ಉಂಗುರ ಒಂದೊಂದೂ 5 ಮಿ.ಮೀ. ಅಗಲ. ಅಲ್ಲಿಂದಾಚೆಗೆ ಕಾಗದದ ಅಂಚಿನ ಹಾಗೆ ತೆಳ್ಳಗೆ, ಸೂಜಿ ಮೊನೆ ಇಟ್ಟು ಎಣಿಸಬೇಕು. ಆ ಹೊತ್ತಿಗೆ ಪಕ್ಕದ ಮರಗಳ ಕೊಂಬೆ ಬಂದು ತಾಗಿದ್ದವು ಅಂತ ಬೇರೆ ಯಾರೂ ಹೇಳಬೇಕಿಲ್ಲ, ಅಲ್ವಾ? 5 ಮಿ.ಮೀ. ಉಂಗುರ ಅಂದರೆ ವರ್ಷಕ್ಕೆ ಸುತ್ತಳತೆ 3 ಸೆಂ.ಮೀ. ಮೇಲೆ ಏರುತ್ತದೆ. 1 ಮಿ.ಮೀ. ಆದರೆ 6 ಮಿ.ಮೀ. ಅಷ್ಟೇ. ಒತ್ತಾಗಿದ್ದರೂ ಮರ ಎತ್ತರಕ್ಕೇನೋ ಹೋಗುತ್ತದೆ, ದಪ್ಪ ಆಗಲು ಜಾಗ ಬೇಕು. ಬಿಲ್ಲೆ ಕೈಯಿಂದ ಕೈಗೆ ಹೋಯಿತು. ನಾನು ಬಾಯಿ ಮುಚ್ಚಿಕೊಂಡಿದ್ದೆ, ನನಗದು ಸುಲಭವಲ್ಲ.

ಆಮೇಲೆ ಕೇಳಿದೆ: "ಕೊನೆವರೆಗೂ ನಿಲ್ಲಬೇಕಾದ ಮರ ಯಾವುದು? ಅದಕ್ಕೆ ರಿಬ್ಬನ್ ಕಟ್ಟಿ." ನೆಟ್ಟಗಿರಬೇಕು, ಕವಲೊಡೆದಿರಬಾರದು, ಬುಡದಲ್ಲಿ ಗಾಯ ಇರಬಾರದು, ತಲೆ ಚೆನ್ನಾಗಿ ಹರಡಿರಬೇಕು. ಜನ ಉತ್ಸಾಹದಿಂದ ಓಡಾಡಿದರು. ರಿಬ್ಬನ್ ಕಟ್ಟಿದ ಮೇಲೆ ಎಲ್ಲರೂ ಕತ್ತೆತ್ತಿ ನೋಡಿ ಅಂದೆ. ಇದರ ತಲೆಗೆ ತಲೆ ತಾಗಿಸಿ ನಿಂತವರು ಯಾರು? ಅವರನ್ನು ತೆಗೆದು ನಾಲ್ಕರಲ್ಲಿ ಮೂರು ಕಡೆಯಾದರೂ ಬಯಲು ಮಾಡಬೇಕು. ಕೆಳಗೆ ನೆರಳಲ್ಲಿರುವ ಸಣ್ಣ ಮರಗಳನ್ನು ಸುಮ್ನೆ ಬಿಟ್ಟುಬಿಡಿ. ಅವು ಮೇಲಿನ ಬೆಳಕಿಗೆ ಪೈಪೋಟಿ ಕೊಡುವುದಿಲ್ಲ, ಬದಲಿಗೆ ಕಾಂಡಕ್ಕೆ ನೆರಳು ಕೊಡುತ್ತವೆ. ಒಂದೇ ಸಲ ಪೂರಾ ಬಿಸಿಲು ಬಿದ್ದರೆ ಓಕ್‌ನಂಥ ಮರಗಳ ಕಾಂಡದ ತುಂಬ ಚಿಗುರು ಬರುತ್ತದೆ, ನಾಳೆ ಅದೇ ಹಲಗೆಯಲ್ಲಿ ಗಂಟು.

ಜಾಸ್ತಿ ಜನ ಇದಕ್ಕೆ ತದ್ವಿರುದ್ಧ ಮಾಡುತ್ತಾರೆ. ದಪ್ಪದ್ದನ್ನು ಮಾರಿ, ಸಣ್ಣದು ಮುಂದೆ ದಪ್ಪ ಆದೀತು ಅಂತ ಕಾಯುತ್ತಾರೆ. ಒಟ್ಟಿಗೆ ನೆಟ್ಟ ತೋಪಿನಲ್ಲಿ ಆ ಸಣ್ಣದಕ್ಕೂ ಅಷ್ಟೇ ವಯಸ್ಸು, ಓಟದಲ್ಲಿ ಸೋತ ಮರ ಅದು.

ಮಧ್ಯಾಹ್ನ ಕೊಂಬೆ ಸವರುವುದನ್ನು ತೋರಿಸಿದೆ. ಮೊದಲು ಕೆಳಗಿಂದ ಒಂದು ಕಚ್ಚು, ಅದಕ್ಕಿಂತ ಸ್ವಲ್ಪ ಆಚೆ ಮೇಲಿಂದ ಕುಯ್ದು ಕೊಂಬೆ ಬೀಳಿಸಿ, ಕೊನೆಗೆ ಕೊಂಬೆ ಕಾಂಡಕ್ಕೆ ಸೇರುವ ಕಡೆ ಇರುವ ಉಬ್ಬಿನ ಹೊರಗೆ ಮೋಟು ತೆಗೆಯಬೇಕು. ಉಬ್ಬಿಗೆ ಗರಗಸ ತಾಗಬಾರದು. "ಗಾಯಕ್ಕೆ ಪೇಂಟ್ ಬೇಡವಾ?" ಅಂತ ಯಾರಾದರೂ ಕೇಳೇ ಕೇಳುತ್ತಾರೆ. ಬೇಡ. ಅಮೆರಿಕದ ಅಲೆಕ್ಸ್ ಶೈಗೋ ಅಂತ ಒಬ್ಬರು ಚೈನ್‌ಸಾ ಹಿಡಿದು ಸಾವಿರಾರು ಮರಗಳನ್ನು ಸೀಳಿ ನೋಡಿದವರು. ಮರ ಗಾಯ ಮಾಯಿಸಿಕೊಳ್ಳುವುದಿಲ್ಲ, ಸುತ್ತ ಗೋಡೆ ಕಟ್ಟಿ ಒಳಗೇ ಮುಚ್ಚಿಹಾಕುತ್ತದೆ ಅಂತ ತೋರಿಸಿಕೊಟ್ಟರು. ಆ ಗೋಡೆಗೆ ನಮ್ಮ ಪೇಂಟಿನ ಸಹಾಯ ಬೇಕಿಲ್ಲ.

ವಾರದ ನಂತರ ನೀರು ಹೊತ್ತಿದ್ದ ಅದೇ ಯಜಮಾನರ ಫೋನ್. "ರಿಬ್ಬನ್ ಕಟ್ಟಿ ಮುಗಿಸಿದೆ ಸರ್. ಎರಡು ಒಳ್ಳೆ ಮರ ಅಕ್ಕಪಕ್ಕವೇ ನಿಂತಿವೆ, ಯಾವುದನ್ನು ಉಳಿಸಲಿ?" ಹೋಗಿ ನೋಡಿದೆ. ಎರಡೂ ಒಂದಕ್ಕಿಂತ ಒಂದು ಚೆನ್ನಾಗಿದ್ದವು. ಎರಡನ್ನೂ ಒಂದೇ ಮರ ಅಂದುಕೊಂಡು ಸುತ್ತ ಬಿಡಿಸಿ ಅಂದೆ. ನೀರು ಹಾಕಿದ್ದ ಆ ಮರ ಎಲ್ಲಿ ಅಂತ ಕೇಳಿದೆ. "ಅದನ್ನು ನಿನ್ನೆ ನಾನೇ ಕಡಿದೆ" ಅಂದು, ಅದರ ಬಿಲ್ಲೆ ತಂದು ನನ್ನ ಕೈಗಿಟ್ಟರು. ಅವರೇ ಸೂಜಿ ಹಿಡಿದು ಎಣಿಸಿ, ಉಂಗುರ ತೆಳ್ಳಗಾದ ಕಡೆ ಪೆನ್ಸಿಲ್ಲಿನಲ್ಲಿ ಗೆರೆ ಹಾಕಿದ್ದರು.