ಟ್ಯೂಬ್ ಅರ್ಧಕ್ಕೇ ನಿಂತಾಗ

ನಮ್ಮ ಮೂಡಿಗೆರೆ ಕಡೆ ಮಳೆ ಹಿಡಿಯಿತು ಅಂದರೆ ಸಕಲೇಶಪುರದ ಹುಡುಗನೊಬ್ಬನ ಫೋನ್ ಬರುತ್ತದೆ. ಅವನೂ ನನ್ನ ಹಾಗೆ ಮೆಣಸು ಕುಯ್ಯುವಾಗ ಸಿಲ್ವರ್ ಮರದಿಂದ ಬಿದ್ದವನು. ಬೆನ್ನುಹುರಿಗೆ ಪೆಟ್ಟು. ಮೂತ್ರ ತಾನಾಗಿ ಬರುವುದಿಲ್ಲ, ದಿನಕ್ಕೆ 4ರಿಂದ 6 ಸಲ ಮೂತ್ರದ ದಾರಿಗೆ ಟ್ಯೂಬ್ (ಕ್ಯಾಥೆಟರ್) ಹಾಕಿ ಹೊರಗೆ ತೆಗೆಯಬೇಕು.

"ಅಣ್ಣಾ, ಅರ್ಧಕ್ಕೇ ನಿಂತುಬಿಟ್ಟಿದೆ. ತಳ್ಳಲಾ?"

"ತಳ್ಳಬೇಡ ಮಾರಾಯ."

ಗಂಡಸರಿಗೆ ಮೂತ್ರಚೀಲದ ಬಾಯಿಗಿಂತ ಸ್ವಲ್ಪ ಈಚೆಗೆ ಬಿಗಿಯಾದ ಒಂದು ಸ್ನಾಯು ಇದೆ. ಚಳಿಗೆ, ಗಾಬರಿಗೆ ಅದು ಇನ್ನೂ ಬಿಗಿ ಹಿಡಿಯುತ್ತದೆ. ಬಲ ಹಾಕಿ ತಳ್ಳಿದರೆ ಒಳಗೆ ಗಾಯ. ಗಾಯ ಮಾಯ್ದ ಜಾಗ ಕಿರಿದಾದರೆ ಮುಂದೆ ಟ್ಯೂಬ್ ಹಾಕುವುದೇ ಕಷ್ಟ.

ನಾನು ಶಿಶ್ನವನ್ನು ಹೊಟ್ಟೆ ಕಡೆಗೆ ಎತ್ತಿ ನೇರ ಹಿಡಿಯುತ್ತೇನೆ. ಟ್ಯೂಬ್ ತಡೆದಲ್ಲೇ ಹಗುರವಾಗಿ ಹಿಡಿದು ಸುಮ್ನೆ ಕಾಯುತ್ತೇನೆ. ನಿಧಾನ ಉಸಿರು ಬಿಟ್ಟು, ಮೆಲ್ಲಗೆ ಕೆಮ್ಮುತ್ತೇನೆ. ಬಿಗಿ ಸಡಿಲವಾಗುವುದು ಬೆರಳ ತುದಿಗೆ ಗೊತ್ತಾಗುತ್ತದೆ. ಟ್ಯೂಬ್ ಮೆತ್ತಗೆ ಒಳಗೆ ಜಾರುತ್ತದೆ, ಮಗ್ಗಿಗೆ ಮೂತ್ರ ಬೀಳಲು ಶುರುವಾಗುತ್ತದೆ. ಆಗಲಿಲ್ಲವೋ, ಹೊರಗೆ ತೆಗೆದು, ಕಂಬಳಿ ಹೊದ್ದು ಸ್ವಲ್ಪ ಹೊತ್ತು ಮಲಗುವುದು. ಆಮೇಲೆ ಹೊಸ ಟ್ಯೂಬಿಗೆ ಜೆಲ್ಲಿ ಜಾಸ್ತಿ ಹಚ್ಚಿ ನೋಡುವುದು. ಆಗಲೂ ಹೋಗದೆ ಕಿಬ್ಬೊಟ್ಟೆ ಉಬ್ಬಿದ್ದರೆ ನೇರ ಆಸ್ಪತ್ರೆಗೆ. ಎಷ್ಟು ರಾತ್ರಿಯಾಗಿದ್ದರೂ ಸರಿ, ಬೆಳಗಾಗಲಿ ಅಂತ ಕೂರಬಾರದು. ರಕ್ತ ಒಂದೆರಡು ಹನಿ ಬಂದು ನಿಂತರೆ ಗಾಬರಿ ಬೇಡ. ಗಡ್ಡೆ ಕಟ್ಟಿ ಬಂದರೆ, ನಿಲ್ಲದೇ ಬಂದರೆ ಡಾಕ್ಟರಿಗೆ ತೋರಿಸಲೇಬೇಕು.

ಟ್ಯೂಬಿನ ನಂಬರೂ ನೋಡಿ ತಗೊಳ್ಳಿ. ಬಿಳಿ ತುದಿಯದು 12, ಹಸಿರು ತುದಿಯದು 14. ಹನ್ನೆರಡು ಅಂದರೆ 4 ಮಿಲಿಮೀಟರ್ ದಪ್ಪ. ಬಿಳಿಯದು ಖಾಲಿ, ಹಸಿರು ಕೊಡ್ತೀನಿ ಅಂತ ಮೆಡಿಕಲ್‌ನವರು ಅಂದರೆ ಒಪ್ಪಬೇಡಿ. ಡಾಕ್ಟರ್ ಬರೆದ ನಂಬರೇ ಕೇಳಿ.

ನನಗೆ ಸಂಕಟವಾಗುವುದು ಇನ್ನೊಂದಕ್ಕೆ. ಹಾಸನಕ್ಕೆ ಚೆಕಪ್ ಇದೆ ಅಂದರೆ ಈ ಹುಡುಗ ಹಿಂದಿನ ಸಂಜೆಯಿಂದಲೇ ನೀರು ಮುಟ್ಟುವುದಿಲ್ಲ. ದಾರಿಯಲ್ಲಿ ಟ್ಯೂಬ್ ಹಾಕಲು ಜಾಗ ಇಲ್ಲ, ಇರುವ ಕಡೆ ಗಲೀಜು. ಹಾಗಾಗಿ ಹಾಕುವುದನ್ನೂ ಮುಂದೂಡುತ್ತಾನೆ. ಅವನಿಗೆ ನಾನು ಅಮೆರಿಕದ ಡಾಕ್ಟರ್ ಜ್ಯಾಕ್ ಲ್ಯಾಪಿಡಿಸ್ ವಿಷಯ ಹೇಳುತ್ತಿರುತ್ತೇನೆ. ಟ್ಯೂಬ್ ಹಾಕಲು ಆಪರೇಷನ್ ಥಿಯೇಟರಿನ ಮಡಿ ಬೇಕಿಲ್ಲ, ಶುಚಿ ಇದ್ದರೆ ಸಾಕು ಅಂತ 1972ರಲ್ಲಿ ಬರೆದವರು ಅವರು. ಮೂತ್ರಚೀಲ ತುಂಬಿ ಹಿಗ್ಗಿದರೆ ಅದರ ಗೋಡೆಗೆ ರಕ್ತ ಸರಿಯಾಗಿ ಓಡುವುದಿಲ್ಲ, ಸೋಂಕು ಸುಲಭವಾಗಿ ಹಿಡಿಯುತ್ತದೆ, ಅದಕ್ಕೇ ಹೊತ್ತಿಗೆ ಸರಿಯಾಗಿ ಖಾಲಿ ಮಾಡುವುದು ಮುಖ್ಯ ಅನ್ನುವುದು ಅವರ ವಾದ. ನಮಗೆಲ್ಲ ಡಾಕ್ಟರ್ ಹೇಳುವುದೂ ಅದೇ, ಒಂದು ಸಲಕ್ಕೆ 500 ಎಂ.ಎಲ್. ದಾಟಬಾರದು. ಮೂತ್ರ ಪರೀಕ್ಷೆಯಲ್ಲಿ ಬ್ಯಾಕ್ಟೀರಿಯಾ ಕಾಣುವುದು ನಮ್ಮಂಥವರಲ್ಲಿ ಮಾಮೂಲು, ಅದೊಂದಕ್ಕೇ ಆಂಟಿಬಯೋಟಿಕ್ ನುಂಗಬೇಕಿಲ್ಲ. ಚಳಿಜ್ವರ ಬಂದರೆ ಮಾತ್ರ ಒಂದು ದಿನವೂ ತಡ ಬೇಡ.

ಬಸ್ ಸ್ಟ್ಯಾಂಡ್ ಟಾಯ್ಲೆಟ್‌ಗೆ ವೀಲ್‌ಚೇರ್ ಹಿಡಿಸುವ ಬಾಗಿಲು, ಒಂದು ಸೋಪು, ಕೈಚೀಲ ನೇತು ಹಾಕಲು ಗೋಡೆಗೊಂದು ಮೊಳೆ. ಇಷ್ಟಿದ್ದರೆ ಅವನು ನೀರು ಕುಡಿಯುವುದನ್ನು ಬಿಡುತ್ತಿರಲಿಲ್ಲ, ಅಲ್ವಾ? ಅರ್ಜಿ ಬರೆಯುತ್ತಿದ್ದೇನೆ, ಬಿಡುವುದಿಲ್ಲ. ಸದ್ಯಕ್ಕೆ ಅವನಿಗೆ ಹೇಳಿರುವುದು ಇಷ್ಟು: ಮನೆಯಲ್ಲಿ ಖಾಲಿ ಮಾಡಿ ಹೊರಡು, ನೀರು ಕುಡಿ, ಹಾಸನದಲ್ಲಿ ಆಸ್ಪತ್ರೆ ಮುಟ್ಟಿದ ಕೂಡಲೇ ಮೊದಲು ಟಾಯ್ಲೆಟ್ ಎಲ್ಲಿ ಅಂತ ಕೇಳು. ಚೀಟಿ ಮಾಡಿಸುವುದು ಆಮೇಲೆ.