ಗ್ಯಾರೇಜಿನಲ್ಲಿ ಅರ್ಧ ರೆಕ್ಕೆ

ಅಮೆರಿಕದ ವಿಸ್ಕಾನ್ಸಿನ್‌ನ ಈ ಚಳಿಯಲ್ಲಿ ಪಕ್ಕದ ಮನೆ ಅಜ್ಜನ ಕಾರು ಹೊರಗೆ ಹಿಮದಲ್ಲಿ ನಿಂತಿದೆ. ಗ್ಯಾರೇಜಿನೊಳಗೆ ಅರ್ಧ ರೆಕ್ಕೆ! ನಕ್ಷೆ ತರಿಸಿಕೊಂಡು ಝೀನೋಸ್ ಅನ್ನೋ ಮೋಟಾರ್ ಗ್ಲೈಡರ್, ಅಂದರೆ ಎಂಜಿನ್ ಇರೋ ತೇಲು ವಿಮಾನ, ಕಟ್ತಿದ್ದಾರೆ. ಅಲ್ಯೂಮಿನಿಯಂ ಮೈ, ಎರಡು ಸೀಟು, ರೆಕ್ಕೆಯ ಹರವು ಸುಮಾರು 14 ಮೀಟರ್. ಎಂಜಿನ್ ಹಳೇ ಬೀಟಲ್ ಕಾರಿನ ವಂಶದ್ದು, 80 ಅಶ್ವಶಕ್ತಿ. ಮೇಲೇರಿದ ಮೇಲೆ ಅದನ್ನು ಆರಿಸಿ ಬಿಸಿಗಾಳಿಯಲ್ಲಿ ತೇಲೋದು. ಇಲ್ಲಿನ ನಿಯಮದಂತೆ ಅರ್ಧಕ್ಕಿಂತ ಹೆಚ್ಚು ಕೆಲಸ ಹವ್ಯಾಸಿಗಳೇ ಮಾಡಿರಬೇಕು. ದುಡ್ಡು ಕೊಟ್ಟು ಮಾಡಿಸಿದ್ದು ಲೆಕ್ಕಕ್ಕಿಲ್ಲ.

ನಾನೂ ತಗಡು ಜೋಡಿಸೋ ಹತ್ತು ರಿವೆಟ್ ಹೊಡೆದೆ. ಎರಡು ಓರೆ. ಅಜ್ಜ ಬೈಯಲಿಲ್ಲ, ಡ್ರಿಲ್ ಹಿಡಿದು ಸುಮ್ಮನೆ ತೆಗೆದರು. ಆಫೀಸಲ್ಲಿ ನನ್ನ ತಪ್ಪಿನಿಂದ ಯಾರೂ ಆಕಾಶದಿಂದ ಬೀಳಲ್ಲ ಅಂತ ಆಗ ಹೊಳೀತು, ಸ್ವಲ್ಪ ನಾಚಿಕೆಯೂ ಆಯ್ತು. ಯಾವಾಗ ಹಾರುತ್ತೆ ಅಂದೆ. "ಮೊದಲು ಗ್ಯಾರೇಜಿಂದ ಹೊರಗೆ ಬರಲಿ" ಅಂದರು.