ಕೆರೆ ನೀರು, ಅಡಿಕೆ ಚೊಗರು, ಎರಡು ಅಲ್ಯೂಮಿನಿಯಂ ತಗಡು

ದಾವಣಗೆರೆ
12 ಸೆಪ್ಟೆಂಬರ್ 2024, ಗುರುವಾರ

ಬೆಳಿಗ್ಗೆ ಲ್ಯಾಬಿಗೆ ಹೋಗುವ ಹೊತ್ತಿಗೆ ಹುಡುಗರು ಕುಂದವಾಡ ಕೆರೆ ನೀರನ್ನು ಕ್ಯಾನಿನಲ್ಲಿ ತಂದಿಟ್ಟಿದ್ದರು. ಫೈನಲ್ ಇಯರ್ ಪ್ರಾಜೆಕ್ಟು. ನೀರಿನಲ್ಲಿ ಕರಗಿರುವ ಸಾವಯವ ವಸ್ತುವನ್ನು ಕರೆಂಟ್ ಹಾಯಿಸಿ ತೆಗೆಯಬೇಕು. ಕೇಳಲು ದೊಡ್ಡದು, ಸಾಮಾನು ಮಾತ್ರ ಸಣ್ಣದು: ಒಂದು ಲೀಟರ್ ಬೀಕರ್, ಎರಡು ತಗಡು, ಒಂದು ಡಿಸಿ ಪವರ್ ಸಪ್ಲೈ.

ಈ ಕೆರೆಗೆ ಭದ್ರಾ ಕಾಲುವೆಯಿಂದ ನೀರು ತುಂಬಿಸುತ್ತಾರೆ. ಆ ನೀರು ಘಟ್ಟದ ಕಾಡಿನಿಂದ ಲಕ್ಕವಳ್ಳಿಯ ಅಣೆಕಟ್ಟೆಗೆ ಬಂದು, ಅಲ್ಲಿಂದ ಗದ್ದೆ, ತೋಟ ದಾಟಿ ನಮ್ಮೂರಿಗೆ ಬರುತ್ತದೆ. ದಾರಿಯುದ್ದಕ್ಕೂ ಎಲೆ, ತೊಗಟೆ, ಬೇರು ಕೊಳೆತ ರಸ ಸೇರುತ್ತದೆ. ಕೆರೆಗೆ ಬಂದಮೇಲೆ ಪಾಚಿ ತನ್ನ ಪಾಲು ಸೇರಿಸುತ್ತದೆ. ಹ್ಯೂಮಿಕ್ ಆಮ್ಲ, ಫಲ್ವಿಕ್ ಆಮ್ಲ ಅಂತ ಪುಸ್ತಕದಲ್ಲಿ ಬರುವುದು ಹೆಚ್ಚಾಗಿ ಇದೇ ಕೊಳೆತ ಎಲೆಯ ರಸ. ಮಣ್ಣಿನ ಹಾಗೆ ತಳಕ್ಕೆ ಕೂರುವುದಿಲ್ಲ, ಮರಳಿನ ಫಿಲ್ಟರಿಗೂ ಸಿಗುವುದಿಲ್ಲ.

ಇದರಿಂದ ಯಾರಿಗೂ ನೇರವಾಗಿ ಕಾಯಿಲೆ ಬರುವುದಿಲ್ಲ. ತಕರಾರು ಶುರುವಾಗುವುದು ಕ್ಲೋರಿನ್ ಹಾಕಿದ ಮೇಲೆ. 1974ರಲ್ಲಿ ನೆದರ್ಲೆಂಡ್ಸ್‌ನ ರೋಟರ್‌ಡ್ಯಾಮ್‌ನಲ್ಲಿ ಯೋಹಾನೆಸ್ ರೂಕ್ ಎಂಬ ರಸಾಯನಶಾಸ್ತ್ರಜ್ಞ ಇದನ್ನು ತೋರಿಸಿಕೊಟ್ಟ. ನೀರಿನಲ್ಲಿರುವ ಈ ಕಂದು ವಸ್ತುವಿನ ಜೊತೆ ಕ್ಲೋರಿನ್ ಸೇರಿದರೆ ಕ್ಲೋರೋಫಾರ್ಮ್ ಮತ್ತು ಅದರ ಬಳಗ ಹುಟ್ಟುತ್ತದೆ, ಕುಡಿಯುವ ನೀರಿನಲ್ಲಿ ಇರಬಾರದ ವಸ್ತುಗಳು. ಹಾಗಂತ ಕ್ಲೋರಿನ್ ಬಿಡುವ ಹಾಗಿಲ್ಲ. ಬಿಟ್ಟರೆ ಕಾಲರಾ, ಟೈಫಾಯ್ಡ್ ವಾಪಸ್. ಅದಕ್ಕೇ ಕ್ಲೋರಿನ್ ಹಾಕುವ ಮೊದಲೇ ಈ ವಸ್ತುವನ್ನು ಆದಷ್ಟು ತೆಗೆಯಬೇಕು. ಹುಡುಗರಿಗೆ ಮೊದಲ ದಿನದಿಂದ ಇದನ್ನೇ ಹೇಳುತ್ತಿದ್ದೇನೆ. ಅವರು ಮಾತ್ರ ಬಣ್ಣ ಹೋಯಿತಾ ಅಂತ ನೋಡಿ ಮೊಬೈಲಲ್ಲಿ ಫೋಟೋ ತೆಗೆಯುತ್ತಾರೆ.

ಅಲ್ಯೂಮಿನಿಯಂ ತಗಡು ಇಟ್ಟು ಸ್ವಿಚ್ ಹಾಕಿದರು. ಪ್ಲಸ್ ಕಡೆಯ ತಗಡು ಕರಗುತ್ತಾ ಅಲ್ಯೂಮಿನಿಯಂ ಬಿಡುತ್ತದೆ. ಮೈನಸ್ ಕಡೆ ನೀರು ಒಡೆದು ಹೈಡ್ರೋಜನ್ ಗುಳ್ಳೆ ಏಳುತ್ತದೆ. ಕರಗಿದ ಅಲ್ಯೂಮಿನಿಯಂ ನೀರಲ್ಲೇ ಹೈಡ್ರಾಕ್ಸೈಡ್ ಆಗಿ ಬಿಳಿ ಹತ್ತಿಯ ಎಳೆಗಳಂತೆ ತೇಲತೊಡಗಿತು. ಕಂದು ವಸ್ತು ಅದಕ್ಕೆ ಅಂಟಿಕೊಳ್ಳುತ್ತದೆ. ಸ್ವಲ್ಪ ಗುಳ್ಳೆ ಜೊತೆ ಮೇಲೆ ಬಂದು ನೊರೆಯಾಯಿತು, ಉಳಿದದ್ದು ತಳಕ್ಕೆ ಕೂತಿತು.

ಎಷ್ಟು ಕರಗುತ್ತದೆ ಅನ್ನುವುದಕ್ಕೆ ಫ್ಯಾರಡೆ ಲೆಕ್ಕ ಇದೆ. ಒಂದು ಆಂಪಿಯರ್ ಒಂದು ಗಂಟೆ ಹರಿದರೆ ಸುಮಾರು 0.336 ಗ್ರಾಂ ಅಲ್ಯೂಮಿನಿಯಂ. ನಾವು ಇಟ್ಟದ್ದು 0.1 ಆಂಪಿಯರ್, 15 ನಿಮಿಷ. ಅಂದರೆ ಲೀಟರಿಗೆ ಹತ್ತಿರ ಹತ್ತಿರ 8.4 ಮಿಲಿಗ್ರಾಂ. ನೀರು ತಿಳಿಯಾಗಲು ಹಾಕುವ ಅಂಗಡಿಯ ಆಲಂ (ಅಲ್ಯೂಮಿನಿಯಂ ಸಲ್ಫೇಟ್) ಲೆಕ್ಕದಲ್ಲಿ ಸುಮಾರು 100 ಮಿಲಿಗ್ರಾಂ ಹಾಕಿದ ಹಾಗೆ. ತಗಡು ತೂಕ ಮಾಡಿದರೆ ಲೆಕ್ಕಕ್ಕಿಂತ ಜಾಸ್ತಿ ಸವೆದಿರುತ್ತದೆ. ಮೈನಸ್ ತಗಡಿನ ಪಕ್ಕ ನೀರು ಕ್ಷಾರವಾಗುವುದರಿಂದ ಆ ತಗಡೂ ಸುಮ್ನೆ ಕರಗುತ್ತಿರುತ್ತದೆ. ಇದನ್ನು ನೋಡಿ ಹುಡುಗರು ಫ್ಯಾರಡೆಯೇ ತಪ್ಪು ಅಂದುಕೊಂಡಿದ್ದರು. ಪಾಪ ಅವನು.

ಕರೆಂಟ್ ಖರ್ಚು ಕಡಿಮೆಯೇ. 10 ವೋಲ್ಟ್ ಅಂತ ಇಟ್ಟುಕೊಂಡರೆ ಸಾವಿರ ಲೀಟರಿಗೆ ಕಾಲು ಯೂನಿಟ್. ತಗಡಿನ ಖರ್ಚು ಬೇರೆ.

ಮಧ್ಯಾಹ್ನದ ಮೇಲೆ ಮಜಾ ಇತ್ತು. ಚನ್ನಗಿರಿ ಕಡೆಯ ಹುಡುಗ ಮನೆಯಿಂದ ಒಂದು ಬಾಟಲಿ ಅಡಿಕೆ ಚೊಗರು ತಂದಿದ್ದ. ಅಡಿಕೆ ಬೇಯಿಸಿ ಉಳಿದ ಆ ಗಟ್ಟಿ ಕೆಂಪು ರಸ. ಒಗರು ರುಚಿ ಕೊಡುವ ಟ್ಯಾನಿನ್ ತುಂಬಿಕೊಂಡಿರುತ್ತದೆ. ಕೆರೆ ನೀರಿನ ಬಣ್ಣ ಅವನಿಗೆ ಸಪ್ಪೆ ಅನಿಸಿದೆ, ಚೊಗರಿನ ನೀರಲ್ಲಾದರೆ ವ್ಯತ್ಯಾಸ ಎದ್ದು ಕಾಣುತ್ತದೆ ಅಂತ ಅವನ ಲೆಕ್ಕ. ಅದೂ ಗಿಡದಿಂದಲೇ ಬಂದದ್ದಲ್ವಾ ಸಾರ್ ಅಂದ. ಸರಿ ಅಂದೆ. ನೀರಿಗೆ ಒಂದೆರಡು ಹನಿ ಬಿಟ್ಟು, ಈ ಸಲ ಕಬ್ಬಿಣದ ತಗಡು ಹಾಕುತ್ತೇವೆ, ಅಗ್ಗ ಅಂದರು. ಏನಾಗುತ್ತದೆ ಅಂತ ನನಗೆ ಗೊತ್ತಿತ್ತು. ಬಾಯಿ ಬಿಡಲಿಲ್ಲ.

ಸ್ವಿಚ್ ಹಾಕಿದ ಸ್ವಲ್ಪ ಹೊತ್ತಿಗೆ ತಗಡಿನ ಸುತ್ತ ಕಪ್ಪು ಎದ್ದಿತು. ಆಮೇಲೆ ಇಡೀ ಬೀಕರ್ ಕಪ್ಪು. ಕಬ್ಬಿಣ, ಟ್ಯಾನಿನ್ ಸೇರಿದರೆ ಇನ್ನೇನು, ಹಳೆ ಕಾಲದಲ್ಲಿ ಶಾಯಿ ಮಾಡುತ್ತಿದ್ದದ್ದೇ ಹೀಗೆ. ಹುಡುಗನ ಮುಖ ನೋಡಬೇಕಿತ್ತು. ಪಕ್ಕದ ಲ್ಯಾಬಿನವರೂ ಬಂದು ನೋಡಿ ಹೋದರು. ಅದೇ ನೀರಿಗೆ ಅಲ್ಯೂಮಿನಿಯಂ ತಗಡು ಇಟ್ಟಾಗ ಕೆಂಪು ಎಳೆಗಳಾಗಿ ಕೂತು ಮೇಲಿನ ನೀರು ತಿಳಿಯಾಯಿತು. ಕಬ್ಬಿಣ ಕೆಲಸಕ್ಕೆ ಬಾರದು ಅಂತ ಅಲ್ಲ. ಕರಗಿದ ಕಬ್ಬಿಣಕ್ಕೆ ಗಾಳಿ ಸಿಕ್ಕು ಪೂರ್ತಿ ತುಕ್ಕಾಗಿ ಕೂರಲು ಬಿಟ್ಟರೆ ಅದೂ ಚೆನ್ನಾಗಿಯೇ ಎಳೆದುಕೊಳ್ಳುತ್ತದೆ. ಆದರೆ ಕುಡಿಯುವ ನೀರಿನಲ್ಲಿ ಮಧ್ಯದಲ್ಲಿ ಶಾಯಿ ಬಣ್ಣ ಬಂದರೆ ಯಾರು ಮುಟ್ಟುತ್ತಾರೆ?

ಆಮೇಲೆ ಕೆರೆ ನೀರಿಗೇ ವಾಪಸ್ ಬಂದೆವು. ಪಾಚಿ ಇರುವ ಕೆರೆಯಲ್ಲಿ ಹಗಲು ಪಿಎಚ್ (ನೀರಿನ ಆಮ್ಲ-ಕ್ಷಾರದ ಅಳತೆ) ಏರುತ್ತದೆ, ಇಂಗಾಲದ ಡೈಆಕ್ಸೈಡನ್ನು ಪಾಚಿ ಎಳೆದುಕೊಳ್ಳುವುದರಿಂದ. ಹ್ಯೂಮಿಕ್ ವಸ್ತು ಚೆನ್ನಾಗಿ ಹೋಗುವುದು ಪಿಎಚ್ 6ರ ಆಸುಪಾಸಿನಲ್ಲಿ. ಆಲಂ ಹಾಕಿದರೆ ಪಿಎಚ್ ತಾನೇ ಇಳಿಯುತ್ತದೆ. ತಗಡಿನ ಪದ್ಧತಿಯಲ್ಲಿ ಇಳಿಯುವುದಿಲ್ಲ, ಇನ್ನೂ ಸ್ವಲ್ಪ ಏರುತ್ತದೆ. ಹಾಗಾಗಿ ಆಮ್ಲ ನಾವೇ ಹಾಕಬೇಕು. ಹಾಕಿದ ಬೀಕರಿಗೂ ಹಾಕದ ಬೀಕರಿಗೂ ವ್ಯತ್ಯಾಸ ಕಣ್ಣಿಗೇ ಕಾಣುತ್ತಿತ್ತು.

ಕಣ್ಣನ್ನು ನಂಬಬೇಡಿ ಅಂತ ನಾನೇ ಹೇಳುವವನು. ಟಿಓಸಿ, ಅಂದರೆ ನೀರಿನಲ್ಲಿರುವ ಒಟ್ಟು ಸಾವಯವ ಇಂಗಾಲ, ಅಳೆಯುವ ಯಂತ್ರ ನಮ್ಮಲ್ಲಿಲ್ಲ. ನೀರನ್ನು 0.45 ಮೈಕ್ರಾನ್ ಕಾಗದದಲ್ಲಿ ಸೋಸಿ 254 ನ್ಯಾನೋಮೀಟರ್ ಅತಿನೇರಳೆ ಬೆಳಕಿನಲ್ಲಿ ನೋಡುತ್ತೇವೆ. ಹ್ಯೂಮಿಕ್ ವಸ್ತು ಈ ಬೆಳಕನ್ನು ಚೆನ್ನಾಗಿ ನುಂಗುತ್ತದೆ. ಪಾಚಿಯಿಂದ ಬಂದ ಸಕ್ಕರೆ, ಪ್ರೊಟೀನಿನಂಥ ಸಣ್ಣ ವಸ್ತುಗಳು ಅಷ್ಟಾಗಿ ನುಂಗುವುದಿಲ್ಲ, ಹೈಡ್ರಾಕ್ಸೈಡ್ ಎಳೆಗೂ ಸರಿಯಾಗಿ ಅಂಟುವುದಿಲ್ಲ. ಅಂದರೆ ಯಾವುದು ಸುಲಭವಾಗಿ ಹೋಗುತ್ತದೋ ಅದನ್ನೇ ನಮ್ಮ ಯಂತ್ರ ಅಳೆಯುತ್ತದೆ. ರಿಸಲ್ಟ್ ಚೆನ್ನಾಗಿ ಬರದೆ ಇನ್ನೇನು?

ಅದಕ್ಕೇ ಸಂಜೆ ಇನ್ನೊಂದು ಕೆಲಸ ಮಾಡಿಸಿದೆ. ಹಸಿ ನೀರು, ಶುದ್ಧ ಮಾಡಿದ ನೀರು, ಎರಡಕ್ಕೂ ಒಂದೇ ಅಳತೆಯ ಕ್ಲೋರಿನ್ ಹಾಕಿ ಕತ್ತಲಲ್ಲಿ ಇಡಿ, ಎಷ್ಟು ಉಳಿಯುತ್ತದೆ ನೋಡಿ ಅಂದೆ. ಕ್ಲೋರಿನ್ ತಿನ್ನುವ ವಸ್ತು ಇನ್ನೂ ಎಷ್ಟಿದೆ ಅಂತ ಅದರಲ್ಲಿ ಗೊತ್ತಾಗುತ್ತದೆ. ಒಂದು ಗಂಟೆ ಬಿಟ್ಟು ನೋಡಿದರೆ ಹಸಿ ನೀರಿನಲ್ಲಿ ಕ್ಲೋರಿನ್ ಹೆಸರಿಗೂ ಇರಲಿಲ್ಲ. ಶುದ್ಧ ಮಾಡಿದ್ದರಲ್ಲಿ ಇತ್ತು, ಆದರೆ ಅಲ್ಲೂ ಒಂದಷ್ಟು ಖರ್ಚಾಗಿಹೋಗಿತ್ತು. ನನಗೆ ಬೆಳಗಿನ ಎಲ್ಲ ಫೋಟೋಗಿಂತ ಇದು ಜಾಸ್ತಿ ಖುಷಿ ಕೊಟ್ಟಿತು.

ಒಬ್ಬಳು ಕೇಳಿದಳು: ಅಂಟಿಸಿ ತೆಗೆಯುವ ಬದಲು ಕರೆಂಟಿನಲ್ಲೇ ಸುಟ್ಟುಬಿಟ್ಟರೆ ಕೆಸರೇ ಬರುವುದಿಲ್ಲ ಅಲ್ವಾ ಸಾರ್? ಕರಗದ ಎಲೆಕ್ಟ್ರೋಡ್ ಇಟ್ಟು ಹಾಗೂ ಮಾಡುತ್ತಾರೆ, ಬೋರಾನ್ ಸೇರಿಸಿದ ವಜ್ರದ ಲೇಪನದ್ದು ಕೂಡ ಇದೆ. ಕಾರ್ಖಾನೆಯ ಕೊಳಚೆಗೆ ಸರಿ. ಕುಡಿಯುವ ನೀರಿಗೆ ನನಗೆ ಮನಸ್ಸಿಲ್ಲ. ನೀರಲ್ಲಿ ಹೇಗೂ ಕ್ಲೋರೈಡ್ ಇರುತ್ತದೆ. ಅಲ್ಲೇ ಅದು ಕ್ಲೋರಿನ್ ಆಗಿ, ಅಲ್ಲೇ ಇರುವ ಕಂದು ವಸ್ತುವಿಗೆ ತಗುಲಿ, ಯಾವುದನ್ನು ತಪ್ಪಿಸಲು ಹೊರಟೆವೋ ಅದನ್ನೇ ತಯಾರಿಸುತ್ತದೆ. ವಜ್ರದ ಎಲೆಕ್ಟ್ರೋಡಿನಲ್ಲಿ ಪರ್‌ಕ್ಲೋರೇಟ್ ಎಂಬ ಇನ್ನೊಂದು ಬೇಡದ ವಸ್ತು ಕೂಡ ಬರುತ್ತದೆ. ಕೆಸರೇ ವಾಸಿ, ಕಣ್ಣಿಗಾದರೂ ಕಾಣುತ್ತದೆ.

ತಗಡಿನ ಪದ್ಧತಿಯಿಂದ ದಾವಣಗೆರೆಯಂಥ ಊರಿಗೆ ದೊಡ್ಡ ಲಾಭ ಇದೆ ಅಂತ ನನಗನಿಸುವುದಿಲ್ಲ. ಆಲಂ ಮಾಡುವ ಕೆಲಸವನ್ನೇ ಇದೂ ಮಾಡುತ್ತದೆ. ಆಲಂ ಮೂಟೆ ತರಿಸಲು, ಅಳೆದು ಕರಗಿಸಲು ಜನವಿಲ್ಲದ ಸಣ್ಣ ಹಳ್ಳಿ, ಹಾಸ್ಟೆಲ್ಲು, ಸೋಲಾರ್ ಫಲಕ ಇರುವ ಶಾಲೆ, ಇಂಥ ಕಡೆ ಅರ್ಥವಿದೆ. ಚಿತ್ರದುರ್ಗದ ಕಡೆ, ಚಳ್ಳಕೆರೆ, ಮೊಳಕಾಲ್ಮೂರಿನ ಬೋರ್‌ವೆಲ್ ನೀರಿಗೆ ಇನ್ನೂ ಜಾಸ್ತಿ ಅರ್ಥವಿರಬಹುದು. ಅಲ್ಲಿಯ ತಂಟೆ ಫ್ಲೋರೈಡ್, ಅದನ್ನೂ ಈ ಎಳೆಗಳು ಹಿಡಿಯುತ್ತವೆ. ಆದರೆ ತಗಡಿನ ಮೇಲೆ ಪೊರೆ ಕಟ್ಟುತ್ತದೆ, ಗಡಸು ನೀರಾದರೆ ಮೈನಸ್ ಕಡೆ ಸುಣ್ಣವೂ ಕೂರುತ್ತದೆ. ಆಗಾಗ ಪ್ಲಸ್ಸು ಮೈನಸ್ಸು ಅದಲುಬದಲು ಮಾಡಬೇಕು, ಉಜ್ಜಬೇಕು. ಆ ಕೆಲಸ ಯಾರದ್ದು ಅಂತ ಮೊದಲೇ ತೀರ್ಮಾನವಾಗದಿದ್ದರೆ ಯಂತ್ರ ಮೂಲೆಗೆ ಬೀಳುತ್ತದೆ.

ಹೊರಡುವಾಗ ಪೋಸ್ಟರ್ ತೋರಿಸಿದರು. ದಪ್ಪ ಅಕ್ಷರದಲ್ಲಿ ‘ಕೆಮಿಕಲ್ ಇಲ್ಲದೆ ನೀರು ಶುದ್ಧ’ ಅಂತ ಇತ್ತು. ಅದನ್ನು ಹೊಡೆದುಹಾಕಿಸಿದೆ. ಮೂಟೆಯಿಂದ ಬಂದರೂ ತಗಡಿನಿಂದ ಬಂದರೂ ನೀರಿಗೆ ಬೀಳುವುದು ಅಲ್ಯೂಮಿನಿಯಮ್ಮೇ ತಾನೇ. ಮಧ್ಯಾಹ್ನ ಆಮ್ಲ ಬೇರೆ ಹಾಕಿದ್ದೇವೆ. ಬೇಜಾರಾಯಿತು ಅವರಿಗೆ. ಅದರ ಬದಲು ಶುದ್ಧ ಮಾಡಿದ ನೀರಲ್ಲಿ ಉಳಿದ ಅಲ್ಯೂಮಿನಿಯಂ ಎಷ್ಟು ಅಂತ ಅಳೆದು ಬರೆಯಿರಿ ಅಂದೆ. ಕುಡಿಯುವ ನೀರಿಗೆ ನಮ್ಮ ದೇಶದ ಮಾನದಂಡವಾದ ಐಎಸ್ 10500 ಪ್ರಕಾರ ಲೀಟರಿಗೆ 0.03 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 0.2ರವರೆಗೆ. ಅಳೆಯಲು ಬೇಕಾದ ಎರಿಯೋಕ್ರೋಮ್ ಸಯನಿನ್ ಎಂಬ ಬಣ್ಣದ ಪುಡಿ ಸ್ಟೋರಿನಲ್ಲಿಲ್ಲವಂತೆ. ನಾಳೆ ಇಂಡೆಂಟ್ ಹಾಕಬೇಕು.